ಮಂಗಟ್ಟೆಯ ಬಾಣಂತನ

ನನ್ನ ಕೆಲಸದ ಹೆಸರು ನಿಸರ್ಗ ವ್ಯಾಖ್ಯಾನಕಾರ. ಈ ಹೆಸರನ್ನು ನನ್ನ ಹೆಂಡತಿ ಇವತ್ತಿನವರೆಗೂ ಪೂರ್ತಿ ಹೇಳಿದ್ದಿಲ್ಲ. ಯಾರಾದರೂ ಕೇಳಿದರೆ "ಗುಡ್ಡದಾಗ ಗಿಡಾ ತೋರಸ್ತಾರ" ಅನ್ನುತ್ತಾಳೆ. ಸಿಟ್ಟು ಬಂದ ದಿನ "ಮನ್ಯಾಗ ಬಾಯಿ ಬಿಡೂದಿಲ್ಲ, ಗುಡ್ಡದಾಗ ಮಂಗ್ಯಾಗೋಳ ಮುಂದ ಭಾಷಣಾ ಬಿಗೀತಾರ" ಅನ್ನುತ್ತಾಳೆ. ಎರಡೂ ಖರೆ.

ಈ ಕೆಲಸಕ್ಕೂ ಮೊದಲು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಸೀರೆ ತೋರಿಸುತ್ತಿದ್ದೆ. ಮಿಶ್ರಿಕೋಟಿಯಿಂದ ಮುಂಜಾನೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು, ನಡುವೆ ದಿನವಿಡೀ ನಗುಮುಖ ಇಟ್ಟುಕೊಂಡು "ನೋಡ್ರಿ ಅಕ್ಕಾರ, ನೋಡಾಕ ರೊಕ್ಕ ಇಲ್ಲ" ಅನ್ನುವುದು. ಸಿಟ್ಟು ನನ್ನ ಹುಟ್ಟುಗುಣ. ಅಷ್ಟೂ ವರ್ಷ ಅದನ್ನು ಗಾದಿಯ ಕೆಳಗೆ ಒತ್ತಿಟ್ಟುಕೊಂಡೇ ಕೂತಿದ್ದೆ. ಕಡೆಗೆ ಮೊಣಕಾಲು ಹಟ ಹಿಡಿದವು. ನಡೆದರೆ ಏನೂ ಇಲ್ಲ, ಮಡಚಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಅದೇ ಹೊತ್ತಿಗೆ ತಂಬೂರು ಊರಿನ ಆಚೆ ಗುಡ್ಡದ ಮೇಲೆ ಕಾಡಿನ ಉದ್ಯಾನ ಮಾಡಿದ್ದರು. ಬಂದ ಮಂದಿಯನ್ನು ಒಳಗೆ ಕರೆದೊಯ್ದು ತಿಳಿಸಿ ಹೇಳುವವರು ಬೇಕಾಗಿತ್ತು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೆಣ್ಣಮಕ್ಕಳ ಗುಂಪು ಬಂದ್ರ ಸಂಭಾಳಸ್ತೀರೇನು?" ನಾನು ನಕ್ಕೆ. ಕೆಲಸ ಸಿಕ್ಕಿತು.

ತರಬೇತಿ ಕೊಡಲು ಮೈಸೂರು ಕಡೆಯಿಂದ ಒಬ್ಬ ಮೇಡಂ ಬಂದಿದ್ದರು. ಬಹಳ ಒಳ್ಳೆಯ ಹುಡುಗಿ, ಮಾತು ಮೆತ್ತಗೆ. "ಕಾಡು ಮಾತಾಡಬೇಕು ಸರ್, ನಾವು ಸುಮ್ಮನಿರಬೇಕು" ಅಂದರು. ನಾನು ತಲೆ ಅಲ್ಲಾಡಿಸಿದೆ. ಆದರೆ ಒಳಗೊಳಗೆ, ಅಲ್ಲವ್ವಾ ತಾಯಿ, ನಮ್ಮ ಜಿಲ್ಲೆಯಲ್ಲಿ ಸುಮ್ಮನಿರುವ ಮಂದಿಯನ್ನು ನಾನು ಎಲ್ಲಿಂದ ತರಲಿ ಅಂದುಕೊಂಡೆ. ನಮ್ಮಲ್ಲಿ ಸತ್ತವರ ಮನೆಯಲ್ಲಿಯೂ ಬಾಜು ಊರಿಗೆ ಕೇಳುವಂತೆ ಮಾತಾಡುತ್ತಾರೆ.

ಬರುವವರಲ್ಲಿ ಅರ್ಧ ಮಂದಿ ನವಲಗುಂದ, ಅಣ್ಣಿಗೇರಿ ಕಡೆಯವರು. ಅದು ಎರೆಭೂಮಿ. ಗುಡ್ಡ ಇಲ್ಲ, ಕಾಡು ಇಲ್ಲ, ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ. ಅವರಿಗೆ ಹಕ್ಕಿ ಬೇಡ, ಹುಲಿ ಬೇಡ, ದಾರಿಯ ಮೇಲಿನ ಕಲ್ಲು ನೋಡಿಯೇ ನಿಂತುಬಿಡುತ್ತಾರೆ. "ಇಷ್ಟು ಕಲ್ಲು ಸುಮ್ಮನ ಬಿದ್ದಾವಲ್ರಿ, ಯಾರೂ ಒಯ್ಯೂದಿಲ್ಲೇನು?" ಎಂದು ಕೇಳಿ, ನಾನು ಬೆನ್ನು ತಿರುಗಿಸಿದಾಗ ಒಂದೆರಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹಕ್ಕಿ ತೋರಿಸಿದರೆ ಥೇಟ್ ಸೀರೆ ಅಂಗಡಿ. "ಇದು ಬ್ಯಾಡ್ರಿ, ಮಬ್ಬು ಬಣ್ಣ. ಸ್ವಲ್ಪ ಝಗಮಗಾ ಇದ್ದದ್ದು ತೋರಸ್ರಿ." ಈಗ ಗಾದಿ ಇಲ್ಲ, ಮಾಲಕ ಇಲ್ಲ. "ಇದ್ದದ್ದ ನೋಡ್ರಿ, ಇಲ್ಲಾಂದ್ರ ಮನಿಗೆ ಹೋಗ್ರಿ" ಅನ್ನುತ್ತೇನೆ. ಅವರಿಗೆ ಅದೇ ಖುಷಿ, ನಗುತ್ತಾರೆ.

ಈ ಎಲ್ಲದರ ನಡುವೆ ಒಂದು ಮಂಗಟ್ಟೆ ಜೋಡಿ ನನ್ನ ದಾರಿಯ ಪಕ್ಕದ ಮತ್ತಿ ಮರದಲ್ಲಿ ಗೂಡು ಮಾಡಿತು. ಮಂಗಟ್ಟೆ ದೊಡ್ಡ ಹಕ್ಕಿ, ಕೊಕ್ಕೇ ಒಂದು ಕುಡುಗೋಲಿನಷ್ಟು ಇರುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಕೂತು, ಪೊಟರೆಯ ಬಾಯಿಗೆ ಒಳಗಿನಿಂದ ತಾನೇ ಗೋಡೆ ಮೆತ್ತಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಗೆ ಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮರಿ ಸ್ವಲ್ಪ ದೊಡ್ಡವಾಗುವ ತನಕ ಗಂಡು ಹಣ್ಣು ತಂದು ತಂದು ಆ ಸೀಳಿನಲ್ಲಿ ಉಣಿಸಬೇಕು. ಇದನ್ನೆಲ್ಲ ಬರೆದ ಫಲಕ ದೂರದಲ್ಲಿ ನೆಟ್ಟಿದ್ದರು: "ಸಂತಾನೋತ್ಪತ್ತಿಯ ಅವಧಿಯಲ್ಲಿ ಹೆಣ್ಣು ಹಕ್ಕಿಯು ಸ್ವಯಂಬಂಧನಕ್ಕೆ ಒಳಗಾಗುತ್ತದೆ."

ಯುಗಾದಿ ಮುಗಿದ ಮೇಲೆ ನವಲಗುಂದ ಕಡೆಯ ಒಂದು ಊರಿನಿಂದ ಹೆಣ್ಣುಮಕ್ಕಳ ಗುಂಪು ಬಂತು. ಫಲಕ ಓದಿ ಹೇಳಿದೆ. ಒಬ್ಬರೂ ಕೇಳಲಿಲ್ಲ, ಒಣಮೆಣಸಿನಕಾಯಿಯ ಮಾತು ನಡೆದಿತ್ತು. ಇನ್ನೊಮ್ಮೆ ಜೋರಾಗಿ ಓದಿದೆ. ಒಬ್ಬಾಕೆ ಆಕಳಿಸಿದಳು. ನನಗೆ ತಲೆ ಕೆಟ್ಟಿತು.

"ಹಕ್ಕಿ ಬಾಣಂತನಕ್ಕ ಕುಂತೈತ್ರಿ ಒಳಗ" ಅಂದೆ.

ಮೆಣಸಿನಕಾಯಿ ಅಲ್ಲಿಗೇ ನಿಂತಿತು. ಎಲ್ಲರೂ ಮರದ ಕಡೆ ತಿರುಗಿದರು. ಆಮೇಲೆ ಬಂದ ಪ್ರಶ್ನೆಗಳಿಗೆ ಮೈಸೂರಿನ ಮೇಡಂ ಯಾವ ತಯಾರಿಯನ್ನೂ ಮಾಡಿಸಿರಲಿಲ್ಲ. ನೀರ ಎರೆಯಾಕ ಯಾರದಾರ? ಕಿವಿಗೆ ಅರಿವಿ ಕಟಗೊಂಡೈತಿಲ್ಲೋ? ಆ ಸಂದ್ಯಾಗಿಂದ ಗಾಳಿ ಹೊಕ್ಕರ ಏನು ಗತಿ? ಚೊಚ್ಚಲೋ, ಎರಡನೇದೋ? ನಾನು ಚೊಚ್ಚಲು ಅಂದೆ. ಅದೇ ತಪ್ಪಾಯಿತು.

"ಚೊಚ್ಚಲ ಬಾಣಂತನ ಅಂದ್ರ ತವರುಮನಿಯಾಗ ಆಗಬೇಕು. ಇದು ತವರುಮನಿ ಗಿಡಾನೋ, ಗಂಡನ ಮನಿ ಗಿಡಾನೋ?" ಎಂದು ಕೇಳಿದವಳು ಗುಂಪಿಗೆ ಹಿರಿಯಳಂತಿದ್ದ ಹೆಣ್ಣುಮಗಳು. ಹಣೆಯ ಮೇಲೆ ದೊಡ್ಡ ಕುಂಕುಮ, ಸೊಂಟಕ್ಕೆ ಕೈ. ಅಂಗಡಿಯಲ್ಲಿ ಇಂಥವರು ಬಂದರೆ ಮಾಲಕನೇ ಎದ್ದು ಬರುತ್ತಿದ್ದ. ಮಾತು ಮುಗಿಯಲಿ ಎಂದು "ತವರುಮನಿದ ರೀ ಅಕ್ಕಾರ" ಅಂದುಬಿಟ್ಟೆ.

ಆಕೆ ಬಿಡಲಿಲ್ಲ. "ಅಂದ್ರ ಅಳಿಯಾ ಅತ್ತಿ ಮನಿಗೆ ಬಂದು ಉಣಿಸಿ ಹೋಗ್ತಾನ?"

"ಹೌದ್ರಿ."

"ಕರದ್ರ ಬರ್ತಾನೋ, ಕರೀಲಾರದ ಬರ್ತಾನೋ?"

"ಹಕ್ಕಿನ್ನ ಯಾರು ಕರೀತಾರ್ರಿ? ಅದಾಗೇ ಬರತೈತಿ."

"ಒಂದನೇ ಪಂಕ್ತಿ, ಎರಡನೇ ಪಂಕ್ತಿ ಅಂತ ಏನೂ ನೋಡೂದಿಲ್ಲ?"

ಈ ಪ್ರಶ್ನೆ ನನಗೆ ತಿಳಿಯಲಿಲ್ಲ. ಉಳಿದವರೆಲ್ಲ ನೆಲ ನೋಡತೊಡಗಿದರು. ಕೆಳಗೆ ಇಳಿಯುವಾಗ ಗುಂಪಿನ ಒಬ್ಬಾಕೆ ನನಗೆ ಎಲ್ಲ ಬಿಡಿಸಿ ಹೇಳಿದಳು. ಈ ತಾಯಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಗಂಡುಮಗು. ತೊಟ್ಟಿಲಿಗೆ ಹಾಕುವ ದಿನ ಅಳಿಯನೂ ಅವನ ಕಾಕಾನೂ ಕುಂದಗೋಳ ಕಡೆಯಿಂದ ಬಂದಿದ್ದರು. ಅಂಗಳದಲ್ಲಿ ಊರ ಮಂದಿ ನುಗ್ಗಿ ಮೊದಲ ಪಂಕ್ತಿ ತುಂಬಿಹೋಯಿತು. ಬೀಗರನ್ನು ಎರಡನೇ ಪಂಕ್ತಿಗೆ ಕೂಡಿಸಿದರು. ಹೋಳಿಗೆ ಆರಿದ್ದವು. ಅಳಿಯ ಅನ್ನ ಮೊಸರಿಗೂ ನಿಲ್ಲದೆ ಕೈ ತೊಳೆದು ಎದ್ದು ಹೋದವನು ಮತ್ತೆ ಬಂದಿಲ್ಲ. ಗಂಡನ ಮನೆಯವರು ಬಂದು ಕರೆಯದ ಹೊರತು ಮಗಳನ್ನು ಕಳಿಸುವ ಪದ್ಧತಿ ಇಲ್ಲ. ಅತ್ತೆ ಮನೆಯವರು ಬಂದು ತಪ್ಪಾಯಿತು ಅನ್ನುವ ತನಕ ಬರುವುದಿಲ್ಲ ಅಂತ ಅವನು. ಕೂಸು ಬೋರಲು ಬೀಳುವುದನ್ನು ಕಲಿತು, ಈಗ ಕೂಡಿಸಿದರೆ ಕೂಡುತ್ತದಂತೆ. ಅಪ್ಪ ಒಂದನ್ನೂ ನೋಡಿಲ್ಲ. ಮಗಳು ಯಾರ ಜೊತೆಗೂ ಮಾತಾಡುತ್ತಿಲ್ಲ.

ಆರಿದ ಹೋಳಿಗೆಗೆ ಒಂದು ಸಂಸಾರ ನಿಂತುಹೋಗುವುದು ಹೊರಗಿನವರಿಗೆ ಹುಚ್ಚು ಅನಿಸಬಹುದು. ನನಗೇನೂ ಅನಿಸಲಿಲ್ಲ. ನನ್ನ ಸ್ವಂತ ಭಾವ, ಬಿರಿಯಾನಿಯಲ್ಲಿ ತನ್ನ ತಟ್ಟೆಗೆ ಬರೇ ಎಲುಬು ಬಂದವು ಅಂತ ಮೂರು ಈದ್ ನಮ್ಮ ಹೊಸ್ತಿಲು ತುಳಿದಿರಲಿಲ್ಲ.

ಸ್ವಲ್ಪ ದಿನಕ್ಕೆ ಅದೇ ಗುಂಪು ಮತ್ತೆ ಬಂತು. ಈ ಸಲ ಕೈಯಲ್ಲಿ ಡಬ್ಬಿ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಬಾಣಂತಿಗೆ ಕಟ್ಟುವ ಅಂಟಿನ ಉಂಡಿ. ನಮ್ಮ ಮನೆಯಲ್ಲೂ ಬಾಣಂತಿಗೆ ಅದೇ ಉಂಡಿ, ಕರೆಯುವ ಹೆಸರಷ್ಟೇ ಬೇರೆ. "ಹಕ್ಕಿಗೆ ಕೊಡ್ರಿ ಅಣ್ಣಾರ, ಸೊಂಟಕ್ಕ ಶಕ್ತಿ ಬರತೈತಿ" ಅಂದರು. ಒಬ್ಬಾಕೆ ಖಣದ ಕುಬಸ ತಂದಿದ್ದಳು. ಅದನ್ನು ಎಲ್ಲಿಗೆ ತೊಡಿಸುವುದು ಎಂದು ಆಕೆಗೂ ಗೊತ್ತಿರಲಿಲ್ಲ. ಇನ್ನೊಬ್ಬಾಕೆ ಮಣ್ಣಿನ ಬೋಗುಣಿಯಲ್ಲಿ ಕೆಂಡ ಮಾಡಿ ಲೋಬಾನದ ಹೊಗೆ ಹಾಕಲು ಕೂತೇಬಿಟ್ಟಿದ್ದಳು. ಕೂಸಿಗೂ ಬಾಣಂತಿಗೂ ಹೊಗೆ ಬೇಕಂತೆ. ಬೇಸಿಗೆ, ಒಣ ತರಗೆಲೆ, ಕಾಡು. ಅಷ್ಟೂ ವರ್ಷ ಗಾದಿಯ ಕೆಳಗೆ ಇಟ್ಟಿದ್ದ ಸಿಟ್ಟನ್ನು ಅವತ್ತು ಒಂದೇ ಸಲ ತೆಗೆದೆ. ಕೆಂಡಕ್ಕೆ ನನ್ನ ಕುಡಿಯುವ ನೀರು ಸುರಿದೆ. "ಬಾಣಂತಿನ್ನ ಸುಟ್ಟ ಹಾಕ್ತೀರೇನ್ರಿ" ಎಂದು ಕೂಗಿದ್ದು ಕೆಳಗಿನ ಗೇಟಿಗೆ ಕೇಳಿತಂತೆ.

ಅವರು ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ತಾಯಿ ನನ್ನ ಸಿಟ್ಟು ಇಳಿಯುವ ತನಕ ಕಾದು, ಬಾಜು ಕರೆದು ಮೆತ್ತಗೆ ಅಂದಳು. "ಅಣ್ಣಾರ, ಬರೂ ಶುಕ್ರಾರ ಅಳಿಯನ್ನ ಕರಕೊಂಡು ಬರ್ತೀನಿ. ಕೂಸಿನ ಹರಕಿ ಐತಿ ಗುಡ್ಡದಾಗ, ಅಪ್ಪ ಇಲ್ಲದ ನಡಿಯೂದಿಲ್ಲ ಅಂತ ಅವನ ಕಾಕಾನ ಕಡಿಂದ ಹೇಳಿ ಕಳಿಸೀನಿ. ನೀವು ನಮಗ ಹೇಳಿದಂಗ ಅವಗೂ ಹೇಳ್ರಿ. ಆ ಹಕ್ಕಿ ಗಂಡಾ ಬಂದು ಉಣಿಸೂದು ಅಂವ ಕಣ್ಣಾರೆ ನೋಡ್ಲಿ. ನಾ ಏನೂ ಅನ್ನೂದಿಲ್ಲ. ನಾಚಿಕಿ ಇದ್ರ ತಿಳಕೋತಾನ."

ಮನೆಗೆ ಹೋಗಿ ಹೇಳಿದರೆ ನನ್ನ ಹೆಂಡತಿ ನಗಲಿಲ್ಲ. "ಆ ಹುಡಿಗಿ ಹಣೇಬಾರ ಈಗ ನಿಮ್ಮ ಹಕ್ಕಿ ಮ್ಯಾಲ ಬಂತು" ಅಂದಳು. ಇಡೀ ವಾರ ನಾನು ಆ ಮರದ ಎದುರು ದೂರದಲ್ಲಿ ನಿಂತೆ. ಗಂಡು ಮುಂಜಾನೆಯಿಂದಲೇ ಆಲದ ಹಣ್ಣು ತರುತ್ತಿತ್ತು, ಒಂದು ಹೊತ್ತೂ ತಪ್ಪಿಸಲಿಲ್ಲ. ಇಷ್ಟು ಜವಾಬ್ದಾರಿಯ ಗಂಡಸನ್ನು ನಾನು ನಮ್ಮ ಬೀಗರ ಪೈಕಿ ಯಾರಲ್ಲೂ ಕಂಡಿಲ್ಲ. ಧೈರ್ಯ ಬಂತು.

ಶುಕ್ರವಾರ ಗುಂಪು ಕ್ರೂಸರ್ ಗಾಡಿಯಲ್ಲಿ ಬಂತು. ಅಳಿಯ ಬೇರೆ, ತನ್ನ ಮೋಟಾರ್ ಸೈಕಲ್ಲಿನ ಮೇಲೆ. ಅತ್ತೆ ಮನೆಯವರು ಹಿಡಿದ ಗಾಡಿಯಲ್ಲಿ ಕೂಡಬಾರದೆಂದು ಅಷ್ಟು ದೂರ ಬಿಸಿಲಲ್ಲಿ ಬಂದಿದ್ದ. ತೆಳ್ಳಗಿನ ಹುಡುಗ, ಕಪ್ಪು ಕನ್ನಡಕ. ಯಾರಿಗೂ ನಮಸ್ಕಾರ ಇಲ್ಲ. ನಾನು ಕೂಡಿಸಿದ ಜಾಗ ಬಿಟ್ಟು ಬೇರೊಂದು ಬಂಡೆಯ ಮೇಲೆ ಮುಖ ಅಡ್ಡ ಮಾಡಿ ಕೂತ. ಮಗಳು ಕೂಸನ್ನು ಎತ್ತಿಕೊಂಡು ಈ ಕಡೆ ಕೂತಳು. ಅಂಥ ಬೇಸಿಗೆಯಲ್ಲೂ ಕೂಸಿನ ತಲೆಗೆ ಕೆಂಪು ಕುಂಚಿಗೆ, ಕೆನ್ನೆಗೆ ರೂಪಾಯಿ ಬಿಲ್ಲೆಯಷ್ಟು ಕಾಡಿಗೆ. ಇಬ್ಬರ ನಡುವೆ ಹದಿನೈದು ಮಂದಿ ಕೂತಿದ್ದರು. ಅಪ್ಪ ಕೂಸನ್ನು ಕನ್ನಡಕದ ಸಂದಿಯಿಂದ ನೋಡುತ್ತಿದ್ದ. ನೋಡುತ್ತಿಲ್ಲ ಅಂತ ತೋರಿಸಿಕೊಳ್ಳಲು ಅವನು ಪಡುತ್ತಿದ್ದ ಕಷ್ಟ ನೋಡಿ ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ ಅಂದಿತು.

ನಾನು ಹೇಳಬೇಕಾದ್ದೆಲ್ಲ ಹೇಳಿದೆ. ಗಂಡು ಹಕ್ಕಿಯ ಗುಣಗಾನವನ್ನು ಸ್ವಲ್ಪ ಹೆಚ್ಚೇ ಮಾಡಿದೆ. ಆಮೇಲೆ ಎಲ್ಲರೂ ಮರ ನೋಡುತ್ತ ಕೂತೆವು.

ಗಂಡು ಬರಲಿಲ್ಲ.

ಬಿಸಿಲು ಏರಿತು. ಬರಲಿಲ್ಲ. ಬುತ್ತಿಯ ಗಂಟಿನಿಂದ ಎಣ್ಣೆಗಾಯಿ ಬದನೆಯ ವಾಸನೆ ಬರತೊಡಗಿತು. ಒಬ್ಬಾಕೆ ಗಂಟಿಗೆ ಕೈ ಹಾಕಿದ್ದೇ ತಡ, ತಾಯಿ ಗದರಿದಳು. "ಹಕ್ಕಿ ಗಂಡಾ ಬಂದು ಹೆಣ್ತಿಗೆ ಉಣಸೂತನಕ ಇಲ್ಲಿ ಯಾರೂ ಉಣ್ಣಂಗಿಲ್ಲ." ಹೀಗೆ ನನ್ನ ನಿಸರ್ಗ ವ್ಯಾಖ್ಯಾನ ಕಾರ್ಯಕ್ರಮ ಒಂದು ಉಪವಾಸ ಸತ್ಯಾಗ್ರಹ ಆಯಿತು. ನಾನೂ ಉಪವಾಸವೇ. ಇದು ಯಾವ ತರಬೇತಿಯಲ್ಲೂ ಇರಲಿಲ್ಲ.

ಅಳಿಯನಿಗೆ ಗೆಲುವಿನ ಕಳೆ ಬಂತು. ಬಂಡೆಯ ಮೇಲಿಂದ, ಯಾರಿಗೂ ಅಲ್ಲ ಅನ್ನುವಂತೆ ಅಂದ. "ಅದಕ್ಕೂ ಎರಡನೇ ಪಂಕ್ತಿ ಹಾಕಿರಬೇಕು."

ತಾಯಿ ನನ್ನ ಕಡೆ ನೋಡಿದ ನೋಟ ಇವತ್ತೂ ನೆನಪಿದೆ. ಬಣ್ಣ ಹೋಗುವುದಿಲ್ಲ ಅಂತ ನಾನು ಆಣೆ ಮಾಡಿ ಕೊಟ್ಟ ಸೀರೆಯನ್ನು ಮೊದಲ ಸಲ ಒಗೆದು ತಂದವರು ಹಾಗೆ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಆ ಗಂಡು ಹಕ್ಕಿಗೆ ಕೆಟ್ಟ ಮಾತು ಅಂದೆ. ಎಲ್ಲಿ ಸತ್ತೀಯಲೇ, ಇವತ್ತೊಂದು ದಿನ ಬಾರೋ.

ಅಷ್ಟರಲ್ಲಿ ಸೀಳಿನಿಂದ ಹೆಣ್ಣಿನ ಕೊಕ್ಕು ಹೊರಗೆ ಬಂತು. ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಒಳಗಿನಿಂದ ಸಣ್ಣ ಸದ್ದು. ನಮ್ಮಲ್ಲಿ ಇದ್ದದ್ದು ಒಂದೇ ದುರ್ಬೀನು. ಅದನ್ನು ಒಯ್ದು ಅಳಿಯನ ಕೈಗೆ ಕೊಟ್ಟೆ. ಬೇಡವೆನ್ನಲು ನೋಡಿದ, ಆಗಲಿಲ್ಲ. ಕನ್ನಡಕ ತೆಗೆದು ನೋಡಿದ. ಬಹಳ ಹೊತ್ತು ನೋಡಿದ.

"ಬಾಯಿ ತಗದ ತಗದ ಮುಚ್ಚಾಕತ್ತೈತ್ರಿ ಕಾಕಾ" ಅಂದ ನನಗೆ.

"ಹಸದೈತಿ."

"ಒಳಗ ಮರಿ ಅದಾವ್ರೇನು?"

"ಇರಬೇಕು."

"ಮುಂಜಾನಿಂದ ಏನೂ ತಿಂದಿಲ್ಲೇನ್ರಿ ಅದು?"

"ನಾ ಬಂದಾಗಿಂದ ಏನೂ ಇಲ್ಲ."

ಅವನು ದುರ್ಬೀನು ಇಳಿಸಿದ. ಮುಖ ಕೆಂಪಾಗಿತ್ತು. ಹಸಿವೆಯೋ, ಬಿಸಿಲೋ, ಏನೋ ಗೊತ್ತಿಲ್ಲ, ದನಿ ಏರಿತು. "ಎಂಥಾ ಗಂಡಸ್ರೀ ಅಂವ? ಹೆಣ್ತಿ, ಕೂಸು ಗ್ವಾಡಿಯೊಳಗ ಕುಂತಾವ ಅನ್ನೂ ಖಬರ್ ಬ್ಯಾಡೇನ್ರಿ ಅವಗ? ಎಲ್ಲಿ ತಿರಗಾಕ ಹೋಗ್ಯಾನ?"

ನನ್ನ ನೌಕರಿಯಲ್ಲಿ ಮೊದಲ ಸಲ ಮೌನದ ನಿಯಮ ಪಾಲನೆಯಾಯಿತು. ಹದಿನೈದು ಹೆಣ್ಣುಮಕ್ಕಳು, ಒಬ್ಬರೂ ಉಸಿರು ಬಿಡಲಿಲ್ಲ. ಎಲ್ಲರೂ ಹಕ್ಕಿ ಬಿಟ್ಟು ಅವನನ್ನು ನೋಡಿದರು. ತಾನು ಏನಂದೆ ಎಂಬುದು ಅವನಿಗೆ ತಡವಾಗಿ ತಿಳಿಯಿತು. ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

ತಾಯಿ ಇದಕ್ಕಾಗಿಯೇ ಕಾದಿದ್ದವಳು, ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ನನ್ನನ್ನು ಕೇಳಿದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು. "ಕಾಕಾ, ಗಂಡ ಬರಲೇ ಇಲ್ಲಂದ್ರ ಅದು ಏನ ಮಾಡತೈತ್ರಿ?"

"ನಾಕು ದಿನಾ ಕಾಯತೈತವಾ. ಆಮ್ಯಾಲ ಒಡಕೊಂಡು ಹೊರಗ ಬರತೈತಿ."

"ಗ್ವಾಡಿ ಯಾರು ಕಟ್ಟಿದ್ದು?"

"ಅದ ಕಟಗೊಂಡದ್ದು. ಒಳಗಿಂದ."

ಅವಳು ಸ್ವಲ್ಪ ಹೊತ್ತು ಆ ಕೊಕ್ಕನ್ನೇ ನೋಡಿದಳು. ಆಮೇಲೆ ತಾಯಿಯ ಬಾಜು ಇದ್ದ ಡಬ್ಬಿ ತೆಗೆದು, ಒಂದು ಅಂಟಿನ ಉಂಡಿ ಬಾಯಿಗೆ ಹಾಕಿಕೊಂಡಳು.

"ಹಕ್ಕಿ ಇನ್ನೂ ಬಂದಿಲ್ಲಲೇ" ಅಂದಳು ತಾಯಿ.

"ಬಾಣಂತಿ ನಾ ಅದೀನಿ ಯವ್ವಾ. ನನಗ ಹಸಿವಿ ಆಗೈತಿ."

ತಿಂದು ಮುಗಿಸಿ, ಬಾಯಿ ಒರೆಸಿಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಹದಿನೈದು ಮಂದಿಯನ್ನು ದಾಟಿ ಗಂಡನ ಬಂಡೆಯ ಮುಂದೆ ಹೋಗಿ ನಿಂತಳು. "ಏಳ್ರಿ, ಹೋಗೂಣು."

"ಎಲ್ಲಿಗಿ?"

"ನಮ್ಮ ಮನಿಗೆ."

ತಾಯಿಗೆ ಗಾಬರಿಯಾಯಿತು. ಅಳಿಯನಿಗೆ ನಾಚಿಕೆ ಆಗಬೇಕು, ಅವನು ಕಾಕಾನನ್ನು ಕರೆದುಕೊಂಡು ಬಂದು ಕೇಳಬೇಕು, ತಾನು ಒಳ್ಳೆಯ ದಿನ ನೋಡಿ ತೊಟ್ಟಿಲ ಸಮೇತ ಕಳಿಸಬೇಕು, ಇದು ಅವಳ ಲೆಕ್ಕ. "ಇವತ್ತ ಶುಕ್ರಾರ. ಶುಕ್ರಾರ ಹೆಣ್ಣಮಗಳನ ಕಳಸೂದಿಲ್ಲ. ತೊಟ್ಲಾ ಇಲ್ಲ, ಉಡಿ ತುಂಬಿಲ್ಲ, ಯಾರೂ ಬಂದು ಕರದಿಲ್ಲ. ಹೆಂಗ ಕಳಸ್ಲಿ ನಾ?"

"ನೀ ಎಲ್ಲಿ ಕಳಸಾಕತ್ತೀಯವ್ವಾ?" ಅಂದಳು ಮಗಳು. "ನಾ ಹೊಂಟೀನಿ."

ಗುಂಪಿನ ಮುದುಕಿಯೊಬ್ಬಳು "ಖಾಲಿ ಉಡಿಲೆ ಕಳಸಬಾರ್ದಬೇ" ಎಂದು ಗೊಣಗಿದಳು. ಅಕ್ಕಿ ಎಲ್ಲಿಂದ ತರುವುದು? ತಾಯಿ ಸುತ್ತ ನೋಡಿದಳು, ಡಬ್ಬಿ ನೋಡಿದಳು. ಎದ್ದು ಹೋಗಿ, ಮಗಳ ಸೆರಗು ಹಿಡಿದು, ಹಕ್ಕಿಗೆಂದು ತಂದ ಉಂಡಿಗಳನ್ನೆಲ್ಲ ಅದರಲ್ಲಿ ಸುರಿದು ಗಂಟು ಬಿಗಿದಳು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಕುಂಕುಮ ಹಚ್ಚಿದರು. ಅಳಿಯ ಮೋಟಾರ್ ಸೈಕಲ್ಲಿನ ಕೀಲಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದವನು, ಅದನ್ನು ಜೇಬಿಗೆ ಹಾಕಿದ. ಕೂಸನ್ನು ಹೆಂಡತಿಯ ಹೆಗಲಿಂದ ಇಳಿಸಿಕೊಂಡ. ಹೇಗೆ ಹಿಡಿಯಬೇಕೆಂದು ಗೊತ್ತಾಗದೆ ಎರಡೂ ಕೈಯಲ್ಲಿ ದೂರ ಹಿಡಿದ.

"ಗಾಡಿ ಮ್ಯಾಲ ಬ್ಯಾಡ" ಅಂದ. "ಕೂಸಿಗೆ ಗಾಳಿ ಹತ್ತತೈತಿ. ಬಸ್ಸಿಗೆ ಹೋಗೂಣು."

ಯಾರಿಗೂ ಹೇಳದೆ ಇಬ್ಬರೂ ಇಳಿಜಾರಿನ ದಾರಿ ಹಿಡಿದರು. ನನಗೆ ಕಣ್ಣು ತುಂಬಿತು, ನಾಚಿಕೆ ಏನಿಲ್ಲ, ಅಲ್ಲಿದ್ದವರಿಗೆಲ್ಲ ತುಂಬಿತ್ತು. ಹಿಂದೆಯೇ ಬುತ್ತಿಯ ಗಂಟು ಬಿಚ್ಚಿದರು. ಅಳುತ್ತಲೇ ರೊಟ್ಟಿ ಮುರಿದರು. ತಾಯಿ ಮಾತ್ರ ಉಣ್ಣಲಿಲ್ಲ, ದಾರಿ ಕಾಣುವ ಕಡೆ ಒಬ್ಬಳೇ ಹೋಗಿ ಕೂತಳು.

ಆಗ ನೆತ್ತಿಯ ಮೇಲೆ ಜೋರು ರೆಕ್ಕೆಯ ಸದ್ದು ಬಂತು. ಗಂಡು ಬಂದು ಮತ್ತಿ ಮರಕ್ಕೆ ಕೂತು, ಸೀಳಿನ ಬಾಯಿಗೆ ಒಂದೊಂದೇ ಹಣ್ಣು ಇಡತೊಡಗಿತು. ನಾನು ಓಡಿ ಹೋಗಿ ತಾಯಿಗೆ ಹೇಳಿದೆ. "ಅಕ್ಕಾರ, ಬಂತ ನೋಡ್ರಿ, ಉಣಸಾಕತ್ತೈತಿ."

ಆಕೆ ತಿರುಗಲಿಲ್ಲ. ಕೆಳಗೆ ಗಿಡಗಳ ನಡುವೆ ಕೆಂಪು ಕುಂಚಿಗೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ.

"ಬರ್ಲಿ ಬಿಡ್ರಿ ಅಣ್ಣಾರ" ಅಂದಳು. "ಇನ್ನ ಯಾರಿಗೆ ತೋರಸೂದೈತಿ."